ಎರಡಕ್ಷರದ ಆಜ್ಞೆಗಳನ್ನು ಬಿಟ್ಟುಹೋದ ಮಿತಭಾಷಿ ಡೆನಿಸ್ ರಿಚಿ

ಮೈಸೂರು: ನಗರದ ಎನ್‌ಐಇ, ಎಸ್‌ಜೆಸಿಇಯಂಥ ಕಾಲೇಜುಗಳಲ್ಲಿ ಗಣಕ ವಿಜ್ಞಾನಕ್ಕೆ ಸೇರಿದ ವಿದ್ಯಾರ್ಥಿ ಆಪರೇಟಿಂಗ್ ಸಿಸ್ಟಂ ಕಲಿಯಲು ಕುಳಿತಾಗ ಎದುರಾಗುವುದು ಒಂದು ಕಪ್ಪು ಪರದೆ. ಅಲ್ಲಿ ಚಿತ್ರಗಳಿಲ್ಲ, ಮೌಸ್‌ಗೆ ಕೆಲಸವಿಲ್ಲ. ಕಡತಗಳ ಪಟ್ಟಿ ಬೇಕಾದರೆ ‘ಎಲ್‌ಎಸ್’ ಎಂದು ಟೈಪ್ ಮಾಡಬೇಕು. ನಕಲು ತೆಗೆಯಲು ‘ಸಿಪಿ’, ಹೆಸರು ಅಥವಾ ಜಾಗ ಬದಲಿಸಲು ‘ಎಂವಿ’, ಅಳಿಸಲು ‘ಆರ್‌ಎಂ’. ಸ್ವರಗಳನ್ನೆಲ್ಲ ನುಂಗಿದಂತಿರುವ ಈ ಆಜ್ಞೆಗಳು ಹೊಸಬರಿಗೆ ಒಗಟಿನಂತೆ ಕಾಣುವುದು ಸಹಜ. ಅವು ಹೀಗೇಕಿವೆ ಎಂಬುದನ್ನು ತಿಳಿಯಲು 2011ರಲ್ಲಿ ನಿಧನರಾದ ಅಮೆರಿಕದ ಗಣಕ ವಿಜ್ಞಾನಿ ಡೆನಿಸ್ ರಿಚಿ ಅವರ ಬದುಕಿನತ್ತ ನೋಡಬೇಕಾಗುತ್ತದೆ.

ರಿಚಿ ಜನಿಸಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಆಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿಯಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿ, ಅನ್ವಯಿಕ ಗಣಿತದಲ್ಲಿ ಸಂಶೋಧನೆ ನಡೆಸಿದ ಮಗ 1967ರಲ್ಲಿ ತಂದೆಯ ಸಂಸ್ಥೆಯನ್ನೇ ಸೇರಿದರು. 1968ರಲ್ಲಿ ಪ್ರಬಂಧ ಸಿದ್ಧವಾಯಿತಾದರೂ ರಟ್ಟು ಕಟ್ಟಿಸಿದ ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸದ ಕಾರಣ ಡಾಕ್ಟರೇಟ್ ಪದವಿ ಅವರ ಕೈಸೇರಲೇ ಇಲ್ಲ. ಅದಕ್ಕಾಗಿ ಅವರು ತಲೆಕೆಡಿಸಿಕೊಂಡಂತೆಯೂ ಕಾಣುವುದಿಲ್ಲ.

ಆಗ ಬೆಲ್ ಲ್ಯಾಬ್ಸ್, ಎಂಐಟಿ ಹಾಗೂ ಜನರಲ್ ಎಲೆಕ್ಟ್ರಿಕ್ ಒಟ್ಟಾಗಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯನ್ನು ರೂಪಿಸುತ್ತಿದ್ದವು. ಯೋಜನೆ ಬೆಳೆಯುತ್ತಲೇ ಹೋಗಿ, ಫಲ ಮಾತ್ರ ದೂರ ಸರಿದಾಗ 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು. ರಿಚಿ ಮತ್ತು ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಹೊಸ ಯಂತ್ರಕ್ಕಾಗಿ ಸಲ್ಲಿಸಿದ ಮನವಿಗಳಿಗೆ ಆಡಳಿತ ಸೊಪ್ಪು ಹಾಕಲಿಲ್ಲ. ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಎಂಬ ಪುಟ್ಟ ಯಂತ್ರದ ಮೇಲೆ ಥಾಂಪ್ಸನ್ ಆರಂಭಿಸಿದ ಕೆಲಸವೇ ಯುನಿಕ್ಸ್ ಆಯಿತು. ಮುಂದೆ ಪಿಡಿಪಿ-11 ದೊರೆತದ್ದು ಪೇಟೆಂಟ್ ವಿಭಾಗದ ಕಾಗದಪತ್ರ ಸಿದ್ಧಪಡಿಸುವ ವ್ಯವಸ್ಥೆ ಮಾಡಿಕೊಡುವುದಾಗಿ ಮಾತುಕೊಟ್ಟ ಮೇಲೆಯೇ. ಅದರ ಸ್ಮರಣೆ 24 ಕಿಲೋಬೈಟ್, ಡಿಸ್ಕ್ ಅರ್ಧ ಮೆಗಾಬೈಟ್. ಇಂದಿನ ಮೊಬೈಲ್‌ನ ಒಂದು ಛಾಯಾಚಿತ್ರವನ್ನೂ ಆ ಡಿಸ್ಕ್ ಹಿಡಿಸಲಾರದು.

ಅವರ ಮುಂದಿದ್ದುದು ಪರದೆಯಲ್ಲ, ಕಾಗದದ ಸುರುಳಿಯ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರ. ಅದರ ಕೀಲಿಗಳು ಬಿಗಿ, ವೇಗ ಸೆಕೆಂಡಿಗೆ ಹತ್ತೇ ಅಕ್ಷರ. ದಿನಕ್ಕೆ ನೂರು ಬಾರಿ ಬಳಸುವ ಆಜ್ಞೆಗೆ ಎಂಟು ಅಕ್ಷರ ಒತ್ತುವ ಬದಲು ಎರಡೇ ಸಾಕೆಂದು ಯಾರಿಗಾದರೂ ಅನ್ನಿಸುತ್ತಿತ್ತು. ಕೊಟ್ಟ ಕೆಲಸ ಸರಿಯಾಗಿ ಮುಗಿದರೆ ಯುನಿಕ್ಸ್ ಏನನ್ನೂ ಹೇಳದೆ ಸುಮ್ಮನಿರುತ್ತದೆ. ಅಂಥ ಯಂತ್ರದ ಮುಂದೆ ಈ ಮೌನವೂ ಒಂದು ಉಪಕಾರವೇ. ಆದರೆ ಇದೇ ಮೌನ ಹೊಸಬರಿಗೆ ಅಪಾಯಕಾರಿ. ‘ಆರ್‌ಎಂ’ ಸಾಮಾನ್ಯವಾಗಿ ಕೇಳದೆಯೇ ಅಳಿಸುತ್ತದೆ, ಮರಳಿ ತೆಗೆದುಕೊಳ್ಳಲು ಕಸದಬುಟ್ಟಿಯೂ ಇಲ್ಲ. ಒಂದು ನಕ್ಷತ್ರ ಚಿಹ್ನೆ ತಪ್ಪಿ ಬಿದ್ದರೂ ಕೋಶದಲ್ಲಿದ್ದ ಕಡತಗಳೆಲ್ಲ ಮಾಯ. ಅಳಿಸುವ ಮುನ್ನ ‘ಪಿಡಬ್ಲ್ಯುಡಿ’ ಕೊಟ್ಟು ತಾನೆಲ್ಲಿದ್ದೇನೆಂದು, ‘ಎಲ್‌ಎಸ್’ ಕೊಟ್ಟು ಅಲ್ಲೇನಿದೆಯೆಂದು ನೋಡಿಕೊಳ್ಳುವುದು ಕ್ಷೇಮ.

ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವ ಆಜ್ಞೆಯ ಕಥೆಯನ್ನು ರಿಚಿಯವರೇ ಮುಂದೆ ಲೇಖನವೊಂದರಲ್ಲಿ ದಾಖಲಿಸಿದ್ದಾರೆ. ಇಂದಿನ ‘ಸಿಡಿ’ಗೆ ಆಗ ‘ಸಿಎಚ್‌ಡಿಐಆರ್’ ಎಂಬ ಹೆಸರಿತ್ತು. ಪ್ರತಿ ಆಜ್ಞೆಯನ್ನೂ ನಡೆಸಲು ಶೆಲ್ ತನ್ನದೊಂದು ಪ್ರತಿರೂಪವನ್ನು ಹುಟ್ಟಿಸುವ ವ್ಯವಸ್ಥೆ ಬಂದ ದಿನವೇ ಈ ಆಜ್ಞೆ ಕೆಟ್ಟುಹೋಯಿತು. ಬೇಕಾದಷ್ಟು ಹುಡುಕಿದ ಬಳಿಕ ಕಾರಣ ತಿಳಿಯಿತು: ಪ್ರತಿರೂಪವು ತನ್ನ ಜಾಗ ಬದಲಿಸಿಕೊಂಡು ಅಲ್ಲಿಯೇ ಕೊನೆಗೊಳ್ಳುತ್ತಿತ್ತು, ಶೆಲ್ ಇದ್ದಲ್ಲಿಯೇ ಇರುತ್ತಿತ್ತು. ಆಳನ್ನು ದೇವರಾಜ ಮಾರುಕಟ್ಟೆಗೆ ಕಳುಹಿಸಿದರೆ ಮಾರುಕಟ್ಟೆ ಸೇರುವವನು ಆಳೇ ಹೊರತು ಮನೆಯಲ್ಲಿ ಕುಳಿತ ಯಜಮಾನನಲ್ಲವಷ್ಟೆ. ಕೊನೆಗೆ ಆ ಕೆಲಸವನ್ನು ಶೆಲ್ಲೇ ಖುದ್ದಾಗಿ ಮಾಡುವಂತೆ ತಿದ್ದಲಾಯಿತು. ಇಂದಿಗೂ ‘ಸಿಡಿ’ ಶೆಲ್‌ನೊಳಗೇ ಇದೆ. ಪರೀಕ್ಷೆಯಲ್ಲಿ ಇದೇಕೆಂದು ಕೇಳಿದರೆ ಬಾಯಿಪಾಠದವರು ತಡವರಿಸುತ್ತಾರೆ.

ಮೊದಲ ಕೈಪಿಡಿ 1971ರ ನವೆಂಬರ್ 3ರಂದು ಹೊರಬಂತು. ಥಾಂಪ್ಸನ್ ಮತ್ತು ರಿಚಿ ಬರೆದ ಆ ಕೈಪಿಡಿಯಲ್ಲಿ ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ, ಕ್ಯಾಟ್ ಎಲ್ಲವೂ ಆಗಲೇ ಇದ್ದವು. ಇದೇ ಅವಧಿಯಲ್ಲಿ ರಿಚಿ ರೂಪಿಸಿದ ‘ಸಿ’ ಭಾಷೆಯಲ್ಲಿ 1973ರಲ್ಲಿ ಯುನಿಕ್ಸನ್ನೇ ಮರಳಿ ಬರೆಯಲಾಯಿತು. ಅದರಿಂದ ಯುನಿಕ್ಸ್ ಒಂದೇ ಬಗೆಯ ಯಂತ್ರಕ್ಕೆ ಅಂಟಿಕೊಳ್ಳದೆ ಎಲ್ಲೆಡೆ ಸಾಗುವಂತಾಯಿತು. 1978ರಲ್ಲಿ ಬ್ರಯಾನ್ ಕರ್ನಿಘನ್ ಜತೆ ಬರೆದ ‘ಸಿ’ ಪುಸ್ತಕ ಇಲ್ಲಿನ ವಿದ್ಯಾರ್ಥಿಗಳಿಗೂ ಚಿರಪರಿಚಿತ. 1983ರಲ್ಲಿ ಥಾಂಪ್ಸನ್ ಅವರೊಂದಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಖ್ಯಾತಿಯ ಬೆನ್ನು ಹತ್ತದ ರಿಚಿ 2007ರಲ್ಲಿ ನಿವೃತ್ತರಾಗುವವರೆಗೂ ಅದೇ ಸಂಸ್ಥೆಯಲ್ಲಿದ್ದರು.

2011ರ ಅಕ್ಟೋಬರ್ 5ರಂದು ಆಪಲ್‌ನ ಸ್ಟೀವ್ ಜಾಬ್ಸ್ ನಿಧನರಾದಾಗ ಜಗತ್ತಿನ ಪತ್ರಿಕೆಗಳ ಮುಖಪುಟಗಳು ಅವರಿಗೆ ಮೀಸಲಾದವು. ಒಂಟಿಯಾಗಿ ವಾಸಿಸುತ್ತಿದ್ದ ರಿಚಿ ಅದೇ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಮೃತಪಟ್ಟಿದ್ದುದು ಪತ್ತೆಯಾಯಿತು. ಅವರಿಗೆ 70 ವರ್ಷವಾಗಿತ್ತು. ಆ ಸುದ್ದಿ ಹೊರಜಗತ್ತಿಗೆ ತಿಳಿದದ್ದು ಹಳೆಯ ಸಹೋದ್ಯೋಗಿಯೊಬ್ಬರು ಅಂತರ್ಜಾಲದಲ್ಲಿ ಬರೆದ ಕೆಲವು ಸಾಲುಗಳಿಂದ. ಜಾಬ್ಸ್ ಮಾರಿದ ಮ್ಯಾಕ್ ಗಣಕಗಳ ಆಪರೇಟಿಂಗ್ ಸಿಸ್ಟಂ ಕೂಡ ಯುನಿಕ್ಸ್ ವಂಶದ್ದೇ. ಅದರ ಟರ್ಮಿನಲ್ ತೆರೆದು ‘ಎಲ್‌ಎಸ್’ ಎಂದರೆ ಕಡತಗಳ ಪಟ್ಟಿ ಮೂಡುತ್ತದೆ.

ರಿಚಿ ಒಪ್ಪಿಸದೆ ಬಿಟ್ಟ ಪ್ರಬಂಧದ ಪ್ರತಿಯೊಂದು 2020ರಲ್ಲಿ ಕ್ಯಾಲಿಫೋರ್ನಿಯಾದ ಗಣಕ ಇತಿಹಾಸ ವಸ್ತುಸಂಗ್ರಹಾಲಯದ ಮೂಲಕ ಬೆಳಕಿಗೆ ಬಂತು.