ಎಣ್ಣೆಯ ಕಲಬೆರಕೆ ಮತ್ತು ಫ್ರೆಡ್ರಿಕ್ ಅಕುಮ್

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ರಸಾಯನಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಎಸ್ಸೆಸ್ಸೆಲ್ಸಿಯ ಜೊತೆಗೇ ಮುಗಿದಿತ್ತು. ಆದರೂ ಈ ಸಂಚಿಕೆಗೆ ಒಬ್ಬ ರಸಾಯನಶಾಸ್ತ್ರಜ್ಞರ ಜೀವನವನ್ನು ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನಮ್ಮ ಅಂಗಡಿಯ ನಾಲ್ಕು ಡಬ್ಬ ಎಣ್ಣೆ.

ನಮ್ಮ ಅಬ್ಬಾ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಲೆಕ್ಕದ ಪುಸ್ತಕ ಬರೆಯುವುದು ನನ್ನ ಕೆಲಸ. ಕಳೆದ ಚಳಿಗಾಲದಲ್ಲಿ ಹೋಟೆಲಿನವರಿಗೆ ಕೊಡಲೆಂದು ಅಬ್ಬಾ ಕಡಲೆಕಾಯಿ ಎಣ್ಣೆಯ ನಾಲ್ಕು ಡಬ್ಬ ತಂದರು. ಮನೆಗೆಂದು ಒಂದನ್ನು ಒಡೆದಾಗ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಏನೋ ಕೂತಿತ್ತು. ಪಾಮ್ ಎಣ್ಣೆ ಬೆರೆಸಿದ್ದಾರೆ ಎಂದು ಅಬ್ಬಾಗೆ ಅನುಮಾನ ಬಂತು. ಸಗಟು ವ್ಯಾಪಾರಿ ವಾಪಸ್ ತೆಗೆದುಕೊಳ್ಳಲಿಲ್ಲ. ಉಳಿದ ಡಬ್ಬಗಳನ್ನು ಮಾರಿಬಿಡಿ, ಬಜ್ಜಿ ಕರಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದು ನಾನು ವಾದ ಮಾಡಿದೆ. ಅಬ್ಬಾ ಉತ್ತರ ಕೊಡಲಿಲ್ಲ. ಎಲ್ಲವನ್ನೂ ಸಾಬೂನು ಮಾಡುವವರಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟರು. ಆ ನಷ್ಟವನ್ನು ನಾನೇ ನನ್ನ ಕೈಯಿಂದ ಪುಸ್ತಕದಲ್ಲಿ ಬರೆದೆ. ಅದು ನನ್ನ ಟ್ಯೂಷನ್ನಿಗೆ ಎತ್ತಿಟ್ಟಿದ್ದ ದುಡ್ಡು. ನಾಲ್ಕು ದಿನ ಅಬ್ಬಾ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಬ್ಬಾ ಅವರ ಅನುಮಾನ ಸರಿಯೇ ಎಂದು ನಮ್ಮ ಕೆಮಿಸ್ಟ್ರಿ ಸರ್ ಅವರನ್ನು ಕೇಳಿದೆ. ಅವರು ಉತ್ತರ ಕೊಡುವ ಮೊದಲು ಅಕುಮ್ ಅವರ ಬಗ್ಗೆ ಓದಲು ಹೇಳಿದರು.

ಫ್ರೆಡ್ರಿಕ್ ಅಕುಮ್ ಹುಟ್ಟಿದ್ದು 1769ರಲ್ಲಿ, ಜರ್ಮನಿಯ ಬ್ಯೂಕೆಬುರ್ಗ್ ಎಂಬ ಊರಿನಲ್ಲಿ. ಅವರ ತಂದೆ ಸಾಬೂನು ತಯಾರಿಸುತ್ತಿದ್ದರು. ಹುಡುಗ ಔಷಧಿ ಅಂಗಡಿಯಲ್ಲಿ ಕೆಲಸ ಕಲಿತು, 1793ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿಯೂ ಔಷಧಿ ಅಂಗಡಿ ಸೇರಿದರು. ಕೆಲವು ವರ್ಷಗಳ ನಂತರ ಓಲ್ಡ್ ಕಾಂಪ್ಟನ್ ಬೀದಿಯಲ್ಲಿ ತಮ್ಮದೇ ಪ್ರಯೋಗಾಲಯ ತೆರೆದರು. ಒಂದೇ ಕಟ್ಟಡದಲ್ಲಿ ಪಾಠವೂ ನಡೆಯುತ್ತಿತ್ತು, ಪ್ರಯೋಗದ ಸಾಮಾನುಗಳ ಮಾರಾಟವೂ ನಡೆಯುತ್ತಿತ್ತು. ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಸಹಾಯಕರಾಗಿದ್ದರು. ಲಂಡನ್ನಿನ ಬೀದಿಗಳಿಗೆ ಗ್ಯಾಸ್ ದೀಪ ಬರುವ ಕೆಲಸದಲ್ಲಿಯೂ ಅವರ ಪಾಲಿತ್ತು. ಅದರ ಬಗ್ಗೆ 1815ರಲ್ಲಿ ಒಂದು ಪುಸ್ತಕ ಬರೆದರು.

ಆದರೆ ಅವರ ಹೆಸರು ಉಳಿದದ್ದು 1820ರಲ್ಲಿ ಬಂದ ಇನ್ನೊಂದು ಪುಸ್ತಕದಿಂದ. ಅದರ ವಿಷಯ ಆಹಾರದ ಕಲಬೆರಕೆ. ಒಂದೇ ತಿಂಗಳಲ್ಲಿ ಸಾವಿರ ಪ್ರತಿಗಳು ಖರ್ಚಾದವು. ಬ್ರೆಡ್ ಬೆಳ್ಳಗಾಗಲಿ ಎಂದು ಪಟಿಕ ಹಾಕುವುದು, ಚಹಾ ಎಲೆಯ ಬದಲು ಬೇರೆ ಗಿಡದ ಎಲೆಗೆ ಬಣ್ಣ ಕಟ್ಟಿ ಮಾರುವುದು, ಉಪ್ಪಿನಕಾಯಿ ಹಸಿರಾಗಲಿ ಎಂದು ತಾಮ್ರ ಸೇರಿಸುವುದು, ಮಕ್ಕಳ ಮಿಠಾಯಿಗೆ ಸೀಸದ ಕೆಂಪು ಬಣ್ಣ ಬಳಿಯುವುದು, ಮಣ್ಣು ಮತ್ತು ಹಿಂಡಿಯಿಂದ ನಕಲಿ ಕಾಳುಮೆಣಸು ಮಾಡುವುದು, ಎಲ್ಲವೂ ಅದರಲ್ಲಿತ್ತು. ನ್ಯಾಯಾಲಯದಲ್ಲಿ ಶಿಕ್ಷೆಯಾದ ವ್ಯಾಪಾರಿಗಳ ಹೆಸರುಗಳನ್ನೂ ಅವರು ಅಚ್ಚು ಹಾಕಿಸಿದರು. ಬೆದರಿಕೆಗಳು ಬಂದವು. ಎರಡನೆಯ ಮುದ್ರಣದಲ್ಲಿ ಆ ಬೆದರಿಕೆಗಳ ವಿಷಯವನ್ನೂ ಬರೆದರು.

ಎಣ್ಣೆಯ ಬಗ್ಗೆ ಅವರು ಬರೆದದ್ದನ್ನು ನಾನು ಎರಡು ಸಲ ಓದಿದೆ. ಆಗ ಆಲಿವ್ ಎಣ್ಣೆಯನ್ನು ಸೀಸದ ತೊಟ್ಟಿಗಳಲ್ಲಿ ಇಡುತ್ತಿದ್ದರು. ಸೀಸ ಎಣ್ಣೆಗೆ ಇಳಿಯುತ್ತಿತ್ತು. ಹೈಡ್ರೋಜನ್ ಸಲ್ಫೈಡ್ ಕರಗಿಸಿದ ನೀರನ್ನು ಎಣ್ಣೆಗೆ ಹಾಕಿ ಚೆನ್ನಾಗಿ ಕುಲುಕಿದರೆ, ಸೀಸವಿದ್ದಾಗ ಅದು ಕಪ್ಪಾಗುತ್ತದೆ. ಇನ್ನೊಂದು ಮೋಸ, ಆಲಿವ್ ಎಣ್ಣೆಗೆ ಅಗ್ಗದ ಗಸಗಸೆ ಎಣ್ಣೆ ಸೇರಿಸುವುದು. ಅದಕ್ಕೆ ಅಕುಮ್ ಹೇಳಿದ ಉಪಾಯ, ಎಣ್ಣೆಯನ್ನು ತುಂಬಾ ತಣ್ಣಗೆ ಮಾಡುವುದು. ಆಲಿವ್ ಎಣ್ಣೆ ಹೆಪ್ಪುಗಟ್ಟುತ್ತದೆ, ಗಸಗಸೆ ಎಣ್ಣೆ ನೀರಾಗಿಯೇ ಉಳಿಯುತ್ತದೆ. ಅಬ್ಬಾ ಅವರ ಡಬ್ಬಕ್ಕೆ ಚಳಿ ಮಾಡಿದ್ದೂ ಇದೇ ಕೆಲಸ. ಅಲ್ಲಿ ಮಾತ್ರ ಉಲ್ಟಾ, ಸೇರಿಸಿದ್ದೇ ಮೊದಲು ಗಟ್ಟಿಯಾಗಿತ್ತು.

ಅಕುಮ್ ಈ ಪರೀಕ್ಷೆಗಳನ್ನು ಸಾಮಾನ್ಯ ಜನರಿಗೂ ಅರ್ಥವಾಗುವಂತೆ ಬರೆದರು. ತಿನ್ನುವವರಿಗೇ ಪರೀಕ್ಷೆ ಮಾಡಲು ಬಂದರೆ ಮೋಸ ಮಾಡುವವರಿಗೆ ಹೆದರಿಕೆ ಇರುತ್ತದೆ.

ಇಲ್ಲಿಂದ ಮುಂದಿನ ಕಥೆ ನನಗೆ ಬೇಸರ ತಂದಿತು. ಅದೇ 1820ರ ಕೊನೆಯಲ್ಲಿ, ರಾಯಲ್ ಇನ್‌ಸ್ಟಿಟ್ಯೂಷನ್ನಿನ ಗ್ರಂಥಾಲಯದ ಪುಸ್ತಕಗಳಿಂದ ಅಕುಮ್ ಹಾಳೆ ಹರಿದುಕೊಳ್ಳುತ್ತಾರೆ ಎಂದು ಅಲ್ಲಿನ ನೌಕರರೊಬ್ಬರು ದೂರು ಕೊಟ್ಟರು. ಗೋಡೆಯಲ್ಲಿ ತೂತು ಮಾಡಿ ಕಾದು ನೋಡಿದರು. ಮನೆಯನ್ನು ಶೋಧಿಸಿದಾಗ ಹಾಳೆಗಳು ಸಿಕ್ಕಿದವು. ಮೊದಲು ಅವರನ್ನು ಬಿಟ್ಟುಬಿಟ್ಟರು. ಸಂಸ್ಥೆಯವರು ಸುಮ್ಮನಾಗಲಿಲ್ಲ, 14 ಪೆನ್ಸ್ ಬೆಲೆಯ ಕಾಗದ ಕದ್ದರೆಂದು ಮತ್ತೆ ಮೊಕದ್ದಮೆ ಹೂಡಿದರು. ಸ್ನೇಹಿತರು ಜಾಮೀನು ನಿಂತರು. 1821ರ ಏಪ್ರಿಲ್‌ನಲ್ಲಿ ವಿಚಾರಣೆಗೆ ಕರೆದಾಗ ಅಕುಮ್ ಬರಲಿಲ್ಲ. ಅವರು ಇಂಗ್ಲೆಂಡ್ ಬಿಟ್ಟು ಜರ್ಮನಿಗೆ ಹೋಗಿಬಿಟ್ಟರು. ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದರು, 1838ರಲ್ಲಿ ಅಲ್ಲಿಯೇ ತೀರಿಕೊಂಡರು.

ಪುಸ್ತಕದಿಂದ ಸಿಟ್ಟಾದ ವ್ಯಾಪಾರಿಗಳು ಈ ಮೊಕದ್ದಮೆಯ ಹಿಂದೆ ಇದ್ದರೇನೋ ಎಂಬ ಅನುಮಾನ ಕೆಲವರಿಗಿದೆ. ಇದ್ದರೂ ಹಾಳೆ ಹರಿದ ತಪ್ಪು ತಪ್ಪೇ. ನಾವು ವಾಣಿಜ್ಯದವರು ಓದುವ ಗುಡ್‌ವಿಲ್ ಎಂಬ ಪದದ ಅರ್ಥ ಇಲ್ಲಿ ನನಗೆ ಹೊಳೆಯಿತು. ಇಪ್ಪತ್ತೇಳು ವರ್ಷ ದುಡಿದು ಗಳಿಸಿದ ಹೆಸರು 14 ಪೆನ್ಸ್ ಕಾಗದದಿಂದ ಹೋಯಿತು. ಅವರು ಹೋದ ಮೇಲೆ ಕಲಬೆರಕೆಯ ಮಾತೂ ತಣ್ಣಗಾಯಿತು. 1850ರ ದಶಕದಲ್ಲಿ ಆರ್ಥರ್ ಹಸಲ್ ಎಂಬ ವೈದ್ಯರು ಸೂಕ್ಷ್ಮದರ್ಶಕ ಹಿಡಿದು ಮತ್ತೆ ಆ ಕೆಲಸ ಶುರು ಮಾಡಿದರು. ಇಂಗ್ಲೆಂಡಿನಲ್ಲಿ ಕಲಬೆರಕೆ ತಡೆಯುವ ಕಾನೂನು ಬಂದದ್ದು 1860ರಲ್ಲಿ. ನಡುವಿನ 40 ವರ್ಷ ಜನ ಅದೇ ಮಿಠಾಯಿ, ಅದೇ ಬ್ರೆಡ್ ತಿಂದರು.

ಆದರೆ ಅಕುಮ್ ಕಲಿಸಿದ ಪರೀಕ್ಷೆ ಸುಳ್ಳಾಗಲಿಲ್ಲ. ಸೀಸವಿರುವ ಎಣ್ಣೆ ಯಾರು ಪರೀಕ್ಷಿಸಿದರೂ ಕಪ್ಪಾಗುತ್ತದೆ. ಪರೀಕ್ಷಿಸುವವರು ಒಳ್ಳೆಯವರೋ ಕೆಟ್ಟವರೋ ಅದಕ್ಕೆ ಗೊತ್ತಿಲ್ಲ.

ಇದು ನಮ್ಮಿಂದ ದೂರದ ಮಾತಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ನೈಟ್ರಿಕ್ ಆಮ್ಲ ಹಾಕಿದಾಗ ಕೆಂಪು ಕಂದು ಬಣ್ಣ ಬಂದರೆ ಅರ್ಜಿಮೋನ್ ಇರುವ ಸೂಚನೆ. ಆದರೆ ಆ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು, ಆಮ್ಲ ಅಪಾಯಕಾರಿ.

ಕೊನೆಗೆ ಕೆಮಿಸ್ಟ್ರಿ ಸರ್ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ತುಂಬಾ ಚಳಿಯಲ್ಲಿ ಶುದ್ಧ ಕಡಲೆಕಾಯಿ ಎಣ್ಣೆಯೂ ಮಂದವಾಗಬಹುದು, ಆದ್ದರಿಂದ ತಳದ ಗಟ್ಟಿ ಬರೀ ಸುಳಿವು, ಪುರಾವೆಯಲ್ಲ. ಪುರಾವೆಗೆ ಪ್ರಯೋಗಾಲಯ ಬೇಕು. ಅಲ್ಲಿ 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕಡಲೆಕಾಯಿ ಎಣ್ಣೆಗೆ ಅದು 85ರಿಂದ 99, ಪಾಮ್ ಎಣ್ಣೆಗೆ 45ರಿಂದ 56. ಕಲಬೆರಕೆಯಾದಷ್ಟೂ ಅಂಕಿ ಕೆಳಗಿಳಿಯುತ್ತದೆ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು.

ಅಂದರೆ ಅಬ್ಬಾ ಕೈಯಲ್ಲಿ ಪುರಾವೆ ಇರಲಿಲ್ಲ, ಅನುಮಾನ ಮಾತ್ರ ಇತ್ತು. ಅಷ್ಟಕ್ಕೇ ಅವರು ಮಾರಲಿಲ್ಲ. ತಿನ್ನುವವರಿಗೆ ಪರೀಕ್ಷೆ ಮಾಡುವ ದಾರಿಯಿಲ್ಲ, ಮಾರುವವರೇ ನೋಡಿಕೊಳ್ಳಬೇಕು. ಹಲಾಲ್ ಕಮಾಯಿ ಎಂದು ನಮ್ಮ ದಾದಿ ದಿನಾ ಹೇಳುವುದು ಇದನ್ನೇ ಇರಬೇಕು.

ಇನ್ನೊಂದು ವಿಷಯ ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ನಮ್ಮ ಗ್ರಂಥಾಲಯದ ಗೈಡಿನಿಂದ ನಾನು ಎರಡು ಹಾಳೆ ಹರಿದುಕೊಂಡಿದ್ದೆ. ಅಕುಮ್ ಕಥೆ ಓದಿದ ಮರುದಿನ ಅವನ್ನು ಲೈಬ್ರರಿಯನ್ ಮೇಡಂಗೆ ಕೊಟ್ಟು ತಪ್ಪಾಯಿತು ಎಂದೆ. ಅವರು ಬೈದರು, ಆಮೇಲೆ ಇಬ್ಬರೂ ಕೂತು ಗೋಂದು ಹಚ್ಚಿ ಅಂಟಿಸಿದೆವು.

ಅಂದು ಸಂಜೆ ಅಂಗಡಿಗೆ ಹೋಗಿ ಲೆಕ್ಕದ ಪುಸ್ತಕ ತೆರೆದೆ. ನಷ್ಟದ ಸಾಲು ಹಾಗೇ ಇತ್ತು. ಅಬ್ಬಾಗೆ ಚಹಾ ತಂದುಕೊಟ್ಟು ಆ ದಿನದ ಲೆಕ್ಕ ಬರೆಯಲು ಕೂತೆ.