ಮ. ರಾಮಮೂರ್ತಿ: ಪತ್ತೇದಾರಿ ಕಾದಂಬರಿಕಾರರು, ಕನ್ನಡ ಬಾವುಟದ ರೂವಾರಿ

ಕನ್ನಡದ ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಕನ್ನಡ ಚಳವಳಿಯ ಮುಂಚೂಣಿಯ ನೇತಾರರೂ ಆಗಿದ್ದ ಶ್ರೀ ಮ. ರಾಮಮೂರ್ತಿಯವರು 11-3-1918ರಂದು ನಂಜನಗೂಡಿನಲ್ಲಿ ಜನಿಸಿದರು. ಇವರ ತಂದೆ ಶ್ರೀ ಸೀತಾರಾಮ ಶಾಸ್ತ್ರಿಯವರು ಸ್ವಾತಂತ್ರ್ಯ ಹೋರಾಟಗಾರರು. ತಾವು ನಡೆಸುತ್ತಿದ್ದ ಪತ್ರಿಕೆಯ ಹೆಸರಿನಿಂದ ‘ವೀರಕೇಸರಿ’ ಎಂದೇ ಪ್ರಸಿದ್ಧರಾದವರು. ಬರವಣಿಗೆ ಹಾಗೂ ಹೋರಾಟ ಎರಡೂ ರಾಮಮೂರ್ತಿಯವರಿಗೆ ಮನೆಯಿಂದಲೇ ಬಂದವು.

ಇವರು ರಚಿಸಿದ ಪತ್ತೇದಾರಿ ಕಾದಂಬರಿಗಳ ಸಂಖ್ಯೆ 150ಕ್ಕೂ ಹೆಚ್ಚು ಎನ್ನಲಾಗಿದೆ. ಕೊಲೆ, ಕಳವು, ಕಾಣೆಯಾದ ವ್ಯಕ್ತಿ, ಸುಳಿವಿನ ಬೆನ್ನು ಹತ್ತುವ ಪತ್ತೇದಾರ ಇಂತಹ ಕಾದಂಬರಿಗಳ ಸಾಮಗ್ರಿ. ವಿಮರ್ಶಕರು ಈ ಪ್ರಕಾರವನ್ನು ಸಾಹಿತ್ಯದ ಸಾಲಿನಲ್ಲಿ ಪರಿಗಣಿಸಿದ್ದು ಕಡಿಮೆ. ಆದರೆ ಶಾಲಾ ಪಠ್ಯದ ಹೊರಗೆ ಕನ್ನಡ ಪುಸ್ತಕವನ್ನು ಸ್ವಇಚ್ಛೆಯಿಂದ ಕೈಗೆತ್ತಿಕೊಳ್ಳುವ ಅಭ್ಯಾಸವನ್ನು ಯುವಜನರಲ್ಲಿ ಬೆಳೆಸುವಲ್ಲಿ ಇವುಗಳ ಪಾತ್ರ ಅಲ್ಪವಲ್ಲ. ಮುಂದೆ ಎನ್. ನರಸಿಂಹಯ್ಯ ಮೊದಲಾದವರೂ ಈ ಪ್ರಕಾರದಲ್ಲಿ ಅಪಾರ ಓದುಗರನ್ನು ಗಳಿಸಿದರು.

1-11-1956ರಂದು ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಂದಿನ ಕಡಬ ತಾಲ್ಲೂಕಿನ ಇಚಿಲಂಪಾಡಿಯಂತಹ ಗ್ರಾಮಗಳೂ ಹೀಗೆ ಕನ್ನಡ ರಾಜ್ಯದೊಳಗೆ ಬಂದವು. ಆದರೆ ರಾಜಧಾನಿ ಬೆಂಗಳೂರಿನಲ್ಲಿಯೇ ಕನ್ನಡ ಚಲನಚಿತ್ರಗಳಿಗೆ, ಕನ್ನಡದ ಸಂಗೀತಗಾರರಿಗೆ ಸಲ್ಲಬೇಕಾದ ಸ್ಥಾನ ದೊರೆಯುತ್ತಿರಲಿಲ್ಲ. 1963ರಲ್ಲಿ ಅಧಿಕೃತ ಭಾಷಾ ಅಧಿನಿಯಮವು ಜಾರಿಗೆ ಬಂದ ನಂತರವೂ ಕಚೇರಿಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಸಾಗುತ್ತಿತ್ತು. ಇಂಗ್ಲಿಷ್ ಅರಿಯದ ನಾಗರಿಕನು ತನ್ನ ಅರ್ಜಿಯನ್ನು ಬೇರೆಯವರಿಂದ ಬರೆಸಬೇಕಾಗಿತ್ತು. ಬಂದ ಉತ್ತರವನ್ನೂ ಬೇರೆಯವರಿಂದಲೇ ಓದಿಸಿಕೊಳ್ಳಬೇಕಾಗಿತ್ತು.

ಈ ಪರಿಸ್ಥಿತಿಯ ವಿರುದ್ಧ ಕಾದಂಬರಿಕಾರ ಶ್ರೀ ಅ.ನ. ಕೃಷ್ಣರಾಯರೊಡನೆ ರಾಮಮೂರ್ತಿಯವರು ಬೀದಿಗಿಳಿದರು. ‘ಕನ್ನಡ ಯುವಜನ’ ಪತ್ರಿಕೆಯನ್ನು ನಡೆಸಿದರು. ‘ಕನ್ನಡ ಪಕ್ಷ’ವನ್ನು ಸ್ಥಾಪಿಸಿದರು. ಕನ್ನಡಿಗರಿಗೆ ತಮ್ಮದೆನ್ನುವ ಒಂದು ಬಾವುಟವಿಲ್ಲವೆಂಬುದು ಅವರನ್ನು ಕಾಡಿತು. 1960ರ ದಶಕದ ಮಧ್ಯಭಾಗದಲ್ಲಿ ಅವರು ರೂಪಿಸಿದ ಹಳದಿ ಮತ್ತು ಕೆಂಪು ಬಣ್ಣದ ಬಾವುಟವು ಅರಿಶಿನ ಕುಂಕುಮವನ್ನು ನೆನಪಿಸುವಂತಹುದಾದ್ದರಿಂದ ಜನರ ಮನಸ್ಸಿಗೆ ಬೇಗನೆ ಹತ್ತಿತು. ಯಾವುದೇ ಸರ್ಕಾರಿ ಆದೇಶವಿಲ್ಲದೆಯೇ ಅದು ರಾಜ್ಯೋತ್ಸವದ ಬಾವುಟವಾಯಿತು. 2018ರ ಮಾರ್ಚ್ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಒಪ್ಪಿದ, ನಡುವೆ ಬಿಳಿ ಪಟ್ಟಿ ಹಾಗೂ ಗಂಡಭೇರುಂಡ ಲಾಂಛನವುಳ್ಳ ನಾಡಧ್ವಜದ ವಿನ್ಯಾಸದಲ್ಲಿಯೂ ಆ ಎರಡು ಬಣ್ಣಗಳನ್ನು ಉಳಿಸಿಕೊಳ್ಳಲಾಗಿದೆ. ಒಂದು ರಾಜಕೀಯ ಪಕ್ಷಕ್ಕೆ ಸಂಬಂಧಿಸಿ ಹುಟ್ಟಿದ ಬಾವುಟವನ್ನು ಎಲ್ಲ ಪಕ್ಷಗಳವರೂ ಹಾರಿಸುವಂತಾದುದು ಅಪರೂಪದ ಸಂಗತಿ.

ಕನಕಪುರ ರಸ್ತೆಯ ತಲಘಟ್ಟಪುರದ ಬಳಿ ರಾಮಮೂರ್ತಿಯವರು ಸ್ವಲ್ಪ ಜಮೀನು ಮಾಡಿಕೊಂಡಿದ್ದರು. 25-12-1967ರಂದು ಅಲ್ಲಿ ತೋಡಿಸುತ್ತಿದ್ದ ಬಾವಿಯ ಮಣ್ಣು ಕುಸಿದು, ಅವರೂ ಅವರ ಇಬ್ಬರು ಗಂಡುಮಕ್ಕಳೂ ಒಟ್ಟಿಗೆ ಮೃತಪಟ್ಟರು. ಆಗ ಅವರಿಗೆ 49 ವರ್ಷ ವಯಸ್ಸು.