ಪಕ್ಷಿಗಳ ಸಹವಾಸದಲ್ಲಿ ಡಾ. ಸಲೀಂ ಅಲಿ

ಮಹಾಪುರುಷರ ಚರಿತ್ರೆಗಳನ್ನು ಓದುವಾಗ ಅವರು ಪಡೆದ ಪದವಿ ಪ್ರಶಸ್ತಿಗಳ ಪಟ್ಟಿಯನ್ನೇ ನಾವು ಸಾಮಾನ್ಯವಾಗಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಅವರು ದುಃಖದ ದಿನಗಳನ್ನು ಹೇಗೆ ಕಳೆದರು, ಮನಸ್ಸು ಕುಸಿದಾಗ ಏನನ್ನು ಹಿಡಿದುಕೊಂಡು ಎದ್ದು ನಿಂತರು ಎಂದು ವಿಚಾರಿಸುವವರು ವಿರಳ. ಭಾರತದ ಪಕ್ಷಿಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಡಾ. ಸಲೀಂ ಅಲಿಯವರ ಬಾಳನ್ನು ಈ ದೃಷ್ಟಿಯಿಂದ ಅವಲೋಕಿಸಬೇಕೆಂಬುದು ನಮ್ಮ ಇಚ್ಛೆ. ಅವರು ನಮ್ಮ ಮುಂಬಯಿಯವರು. ನಮ್ಮ ಕನ್ನಡನಾಡು ಅವರಿಗೆ ಋಣಿಯಾಗಿರುವುದಕ್ಕೂ ಒಂದು ಕಾರಣವುಂಟು. ಅದನ್ನು ಮುಂದೆ ಹೇಳುವೆವು.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯ ಸುಲೈಮಾನಿ ಬೋಹ್ರಾ ಮನೆತನದಲ್ಲಿ ಜನಿಸಿದರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರನೆಯ ವಯಸ್ಸಿನಲ್ಲಿ ತಾಯಿಯೂ ಕಣ್ಮುಚ್ಚಿದರು. ತಬ್ಬಲಿಗಳಾದ ಮಕ್ಕಳನ್ನು ಸೋದರಮಾವನಾದ ಅಮೀರುದ್ದೀನ್ ತ್ಯಾಬ್ಜಿಯವರೂ ಮಕ್ಕಳಿಲ್ಲದ ಅವರ ಪತ್ನಿ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ದೊಡ್ಡ ಕುಟುಂಬ, ತುಂಬಿದ ಮನೆ, ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ. ಆದರೂ ತಾಯಿಯ ಮುಖ ನೆನಪಿನಲ್ಲಿ ಉಳಿಯದ ಮಗುವಿನ ಮನಸ್ಸಿನ ಒಂದು ಮೂಲೆ ಬರಿದಾಗಿಯೇ ಇರುತ್ತದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ರಜೆಯ ದಿನಗಳಲ್ಲಿ ಆ ಕುಟುಂಬ ಚೆಂಬೂರಿಗೆ ಹೋಗುತ್ತಿತ್ತು. ಇಂದಿನ ಚೆಂಬೂರನ್ನು ಕಂಡವರಿಗೆ ಇದು ನಂಬಲು ಕಷ್ಟವಾದ ಮಾತು. ಆಗ ಅದು ಮರಗಿಡಗಳಿಂದ ತುಂಬಿದ, ಗುಡ್ಡದ ಮಗ್ಗುಲಿನ ಹಳ್ಳಿಯಾಗಿತ್ತು. ನಸುಕಿನಲ್ಲಿ ಹಾಸಿಗೆಯಲ್ಲಿ ಮಲಗಿರುವಾಗಲೇ ಮಡಿವಾಳ ಹಕ್ಕಿಯ ಸಿಳ್ಳು ಬಾಲಕನ ಕಿವಿಗೆ ಬೀಳುತ್ತಿತ್ತು. ಕಪ್ಪುಬಿಳುಪಿನ ಆ ಪುಟ್ಟ ಹಕ್ಕಿಯ ಹಾಡನ್ನು ಎಲ್ಲಿ ಕೇಳಿದರೂ ಬಾಲ್ಯದ ಚೆಂಬೂರಿನ ಮುಂಜಾವು ಮುಪ್ಪಿನಲ್ಲಿಯೂ ಅವರ ನೆನಪಿಗೆ ಬರುತ್ತಿತ್ತು.

ಅವರು ಹುಟ್ಟಿನಿಂದಲೇ ಪಕ್ಷಿಪ್ರೇಮಿಗಳಾಗಿದ್ದರೆಂದು ಬರೆದರೆ ಅದು ಸತ್ಯವಾಗದು. ಆ ಕಾಲದ ಅನುಕೂಲಸ್ಥರ ಮನೆಯ ಹುಡುಗರಂತೆ ಅವರಿಗೂ ಬೇಟೆಯ ಹುಚ್ಚಿತ್ತು. ಹತ್ತು ಹನ್ನೆರಡರ ಪ್ರಾಯದಲ್ಲಿ ಒಂದು ದಿನ ಗಾಳಿಕೋವಿಯಿಂದ ಗುಬ್ಬಿಯೊಂದನ್ನು ಹೊಡೆದು ಬೀಳಿಸಿದರು. ಎತ್ತಿ ನೋಡಿದರೆ ಅದರ ಕೊರಳಿನಲ್ಲಿ ಹಳದಿಯ ಒಂದು ಮಚ್ಚೆ! ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗೆ ಅಂಥ ಗುರುತಿಲ್ಲ. ಇದೇನೆಂದು ಕೇಳಿದಾಗ ಮಾವನಿಗೂ ತಿಳಿಯಲಿಲ್ಲ. ಬೇರೆ ಮನೆಯಲ್ಲಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮೀರುದ್ದೀನರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರು. 1883ರಲ್ಲಿ ಸ್ಥಾಪಿತವಾದ ಆ ಸಂಘದ ಕಾರ್ಯದರ್ಶಿ ಮಿಲ್ಲರ್ಡ್ ಎಂಬವರಿಗೆ ಒಂದು ಪತ್ರವನ್ನು ಕೊಟ್ಟು ಹುಡುಗನನ್ನು ಕಳುಹಿಸಿದರು. ದೊರೆಯ ಕಛೇರಿಯೆಂದು ಅಂಜುತ್ತ ಒಳಗೆ ಹೋದ ಬಾಲಕನನ್ನು ಮಿಲ್ಲರ್ಡರು ಆದರದಿಂದ ಕಂಡರು. ಅದು ಹಳದಿ ಕೊರಳಿನ ಗುಬ್ಬಿಯೆಂದು ಗುರುತಿಸಿ ಹೇಳಿದರು. ಪೆಟ್ಟಿಗೆಗಳನ್ನು ತೆರೆದು, ಹುಲ್ಲು ತುಂಬಿಟ್ಟ ನೂರಾರು ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಒಬ್ಬ ಹಿರಿಯರು ಒಬ್ಬ ಹುಡುಗನ ಪ್ರಶ್ನೆಯನ್ನು ತಾತ್ಸಾರ ಮಾಡದೆ ಉತ್ತರಿಸಿದುದರ ಫಲ ಎಷ್ಟಾಯಿತೆಂಬುದನ್ನು ಉಪಾಧ್ಯಾಯರಾದವರು ಗಮನಿಸತಕ್ಕದ್ದು.

ಶಾಲೆಯ ವಿದ್ಯೆಯಲ್ಲಿ ಸಲೀಂ ಅವರು ಮುಂದೆ ಬಂದವರಲ್ಲ. ಹದಿಮೂರರ ಸುಮಾರಿಗೆ ತೀವ್ರವಾದ ತಲೆನೋವು ಅವರನ್ನು ಕಾಡತೊಡಗಿತು. ತರಗತಿಗೆ ಮತ್ತೆ ಮತ್ತೆ ಗೈರುಹಾಜರಾಗಬೇಕಾಯಿತು. ಒಣಹವೆಯಿಂದ ಗುಣವಾದೀತೆಂದು ಸಿಂಧ್ ಪ್ರಾಂತದಲ್ಲಿದ್ದ ಬಂಧುಗಳ ಬಳಿಗೆ ಕಳುಹಿಸಿದರು. ಬಹಳ ದಿನಗಳ ಬಳಿಕ ಹಿಂದಿರುಗಿ, 1913ರಲ್ಲಿ ಹೇಗೋ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ದಾಟಿದರು. ಅಂಕಗಳಿಂದಲೇ ಮನುಷ್ಯನನ್ನು ಅಳೆಯುವುದಾದರೆ ಇವರನ್ನು ಅಂದೇ ಕೈಬಿಡಬೇಕಾಗಿತ್ತು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕುಟುಂಬದ ಗಣಿ ಹಾಗೂ ಮರದ ವ್ಯವಹಾರವನ್ನು ನೋಡಿಕೊಳ್ಳಲು ಬರ್ಮಾದ ಟವಾಯ್‌ಗೆ ಹೋದರು. ಲೆಕ್ಕದ ಪುಸ್ತಕಕ್ಕಿಂತ ಸುತ್ತಲಿನ ಕಾಡೇ ಅವರನ್ನು ಹೆಚ್ಚು ಸೆಳೆಯಿತು. ನಡುವೆ ಮುಂಬಯಿಗೆ ಬಂದು ವಾಣಿಜ್ಯವನ್ನೂ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1918ರ ಡಿಸೆಂಬರಿನಲ್ಲಿ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು. ಬರ್ಮಾದ ವ್ಯಾಪಾರ ಮುಳುಗಿತು. ಮರಳಿ ಬಂದು 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಣೆ ನೀಡುವ ಉದ್ಯೋಗವನ್ನು ಹಿಡಿದರು. ಅಲ್ಲಿಂದ ರಜೆ ಪಡೆದು ಬರ್ಲಿನ್ ನಗರಕ್ಕೆ ತೆರಳಿ, ಪ್ರಖ್ಯಾತ ಪಕ್ಷಿಶಾಸ್ತ್ರಜ್ಞರಾದ ಸ್ಟ್ರೇಸ್‌ಮನ್ ಅವರ ಕೈಕೆಳಗೆ ಶಿಕ್ಷಣ ಪಡೆದರು. 1930ರಲ್ಲಿ ಉತ್ಸಾಹದಿಂದ ಸ್ವದೇಶಕ್ಕೆ ಬಂದು ನೋಡಿದರೆ, ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು! ವಿಶ್ವವಿದ್ಯಾಲಯದ ಪದವಿಯಿಲ್ಲದುದರಿಂದ ಸರಕಾರದ ಪ್ರಾಣಿಶಾಸ್ತ್ರ ಇಲಾಖೆಯ ಬಾಗಿಲೂ ತೆರೆಯಲಿಲ್ಲ.

ವಯಸ್ಸು ಮೂವತ್ತನಾಲ್ಕು, ಕೈಯಲ್ಲಿ ವಿದ್ಯೆಯಿದೆ, ಕೆಲಸವಿಲ್ಲ. ಇಂಥ ಸ್ಥಿತಿಯಲ್ಲಿ ಮನುಷ್ಯ ಜಗತ್ತನ್ನು ಬಯ್ಯುತ್ತ ಕೂಡುವುದು ಸಹಜ. ಸಲೀಂ ದಂಪತಿಗಳು ಪಟ್ಟಣದ ಖರ್ಚನ್ನು ತಾಳಲಾರದೆ ಖಾಡಿಯ ಆಚೆಯ ದಡದಲ್ಲಿ, ಅಲಿಬಾಗಿನ ಬಳಿಯ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಮಳೆಗಾಲವಾಯಿತು. ಮನೆಯ ಸಮೀಪದ ಮರದಲ್ಲಿ ಗೀಜಗಗಳು ಗೂಡು ನೇಯತೊಡಗಿದವು. ಸಲೀಂ ಅವರು ಮರೆಯೊಂದನ್ನು ಕಟ್ಟಿಕೊಂಡು, ಗಂಟೆಗಟ್ಟಲೆ ಅಲುಗಾಡದೆ ಕುಳಿತು, ಕಂಡುದನ್ನೆಲ್ಲ ಬರೆದಿಟ್ಟರು.

ಗೀಜಗನ ಗೂಡನ್ನು ನಮ್ಮ ಊರುಗಳಲ್ಲಿ ನೋಡದವರಿಲ್ಲ. ಬೇಸಗೆಯ ರಜೆಗೆ ಉಡುಪಿಗೋ ಕುಂದಾಪುರಕ್ಕೋ ಹೋದಾಗ ತೆಂಗಿನ ಗರಿಯಿಂದ ಅದು ತೂಗಾಡುತ್ತಿರುವುದನ್ನು ಮಕ್ಕಳೂ ಕಂಡಿದ್ದಾರೆ. ಆದರೆ ಆ ಮನೆಯ ಸಂಸಾರದ ಕಥೆಯನ್ನು ಸರಿಯಾಗಿ ಬಿಡಿಸಿ ತಿಳಿಸಿದವರು ಇವರು. ಗಂಡುಹಕ್ಕಿ ಹುಲ್ಲಿನ ಎಳೆಗಳನ್ನು ಸೀಳಿ ತಂದು ಮೊದಲು ಒಂದು ಬಳೆಯನ್ನು ನೇಯುತ್ತದೆ. ಅದನ್ನೇ ಬೆಳೆಸಿ ಬುರುಡೆಯ ಆಕಾರಕ್ಕೆ ತರುತ್ತದೆ. ಗೂಡು ಅರ್ಧವಾದಾಗ ಹೆಣ್ಣುಹಕ್ಕಿಗಳು ಬಂದು ಪರೀಕ್ಷಿಸುತ್ತವೆ. ಹೆಣ್ಣಿಗೆ ಒಪ್ಪಿಗೆಯಾದರೆ ಅದು ಒಳಗೆ ನೆಲೆಸುತ್ತದೆ, ಗಂಡು ಉಳಿದ ಭಾಗವನ್ನೂ ಇಳಿಬಿಟ್ಟ ಕೊಳವೆಯನ್ನೂ ಪೂರೈಸುತ್ತದೆ. ಅಷ್ಟಾದ ಮೇಲೆ ಗಂಡು ಅಲ್ಲಿ ನಿಲ್ಲದು. ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಪ್ಪಿಗೆಯಾಗದ ಗೂಡು ಅರೆಬರೆಯಾಗಿಯೇ ಉಳಿಯುತ್ತದೆ. 1931ರಲ್ಲಿ ಪ್ರಕಟವಾದ ಈ ಲೇಖನದಿಂದ ಅವರ ಹೆಸರು ವಿದ್ವಾಂಸರಲ್ಲಿ ಹರಡಿತು. ಕೆಲಸ ಕಳೆದುಕೊಂಡ ದಿನಗಳ ದುಡಿಮೆಯೇ ಅವರಿಗೆ ಹೆಸರನ್ನು ತಂದುದು ವಿಚಿತ್ರ. ಅನ್ಯರ ಮನೆ ಕಟ್ಟುವಿಕೆಯನ್ನು ಅಷ್ಟು ತಾಳ್ಮೆಯಿಂದ ನೋಡುತ್ತ ಕುಳಿತವನಿಗೆ ತನ್ನ ಮನೆಯ ಚಿಂತೆ ಕೆಲವು ಗಂಟೆಗಳಾದರೂ ದೂರವಾಗಿದ್ದಿರಬೇಕು.

ಅಲ್ಲಿಂದ ಮುಂದೆ ದೇಶೀಯ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ — ಹೀಗೆ ಒಂದಾದ ಮೇಲೊಂದು. ಸಂಬಳವಿಲ್ಲ, ತಿರುಗಾಟದ ಖರ್ಚನ್ನು ಮಾತ್ರ ಸಂಸ್ಥಾನಗಳು ಕೊಡುತ್ತಿದ್ದವು. ಸುಖದಲ್ಲಿ ಬೆಳೆದಿದ್ದ ತೆಹಮೀನಾ ಅವರು ಗುಡಾರಗಳಲ್ಲಿ ವಾಸಮಾಡುತ್ತ, ಎತ್ತಿನ ಗಾಡಿಗಳಲ್ಲಿ ಪ್ರಯಾಣಮಾಡುತ್ತ ಪತಿಯ ಜೊತೆ ಕಾಡುಮೇಡುಗಳನ್ನು ಸುತ್ತಿದರು. ವರಮಾನವಿಲ್ಲದ ಈ ಬಾಳನ್ನು ಅವರು ಮನಃಪೂರ್ವಕವಾಗಿ ಒಪ್ಪದಿದ್ದರೆ ಸಲೀಂ ಅವರು ಯಾವುದೋ ಅಂಗಡಿಯ ಗುಮಾಸ್ತರಾಗಿ ಮುಗಿಯುತ್ತಿದ್ದರೆಂದು ಹೇಳಲು ಅಡ್ಡಿಯಿಲ್ಲ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ ತೆಹಮೀನಾ ಅವರು ಅನಿರೀಕ್ಷಿತವಾಗಿ ತೀರಿಕೊಂಡರು. ಇಪ್ಪತ್ತು ವರ್ಷಗಳ ಸಹಜೀವನ ಕೆಲವೇ ದಿನಗಳಲ್ಲಿ ಕೊನೆಗೊಂಡಿತು. ಮಕ್ಕಳಿರಲಿಲ್ಲ. ಬಾಂದ್ರಾದ ಪಾಲಿಹಿಲ್‌ನಲ್ಲಿದ್ದ ಸಹೋದರಿ ಕಮೂ ಮತ್ತು ಭಾವ ಹಸನ್ ಅವರ ಮನೆಯಲ್ಲಿ ಅವರಿಗೆ ಆಶ್ರಯ ದೊರೆಯಿತು. ಅದೇ ಮುಂದೆ ಅವರ ಕಾಯಂ ನಿವಾಸವಾಯಿತು. ಮತ್ತೆ ವಿವಾಹದ ಯೋಚನೆಯನ್ನು ಅವರು ಮಾಡಲಿಲ್ಲ.

ಆ ದುಃಖದ ಬೆನ್ನಿಗೇ, 1939–40ರಲ್ಲಿ, ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಯಿತೆಂಬುದನ್ನು ಕನ್ನಡಿಗರಾದ ನಾವು ನೆನಪಿಡಬೇಕು. ಹೆಂಡತಿಯಿಲ್ಲದ ಗುಡಾರಕ್ಕೆ ಹಿಂದಿರುಗುವುದು ಎಷ್ಟು ಕಠಿಣವೆಂದು ಊಹಿಸಬಹುದು. ಆದರೂ ಮುಂಜಾನೆ ಎದ್ದು ನಡೆಯಲೇಬೇಕು. ಹಕ್ಕಿಗಳು ಯಾರ ದುಃಖಕ್ಕೂ ಕಾಯುವುದಿಲ್ಲ. ಶ್ರೀರಂಗಪಟ್ಟಣದ ಸಮೀಪದಲ್ಲಿ ಕಾವೇರಿಯ ನಡುವಿನ ನಡುಗಡ್ಡೆಗಳನ್ನು ಅವರು ಕಂಡರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಂಟಾದ ತಿಟ್ಟುಗಳು ಅವು. ನದಿಯ ನೀರು ಸುತ್ತುವರಿದು ಕಾಯುವುದರಿಂದ ಅಲ್ಲಿಯ ಮರಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ, ಚಮಚದಂಥ ಕೊಕ್ಕಿನ ಹಕ್ಕಿಗಳು ನಿರ್ಭಯವಾಗಿ ಮರಿಮಾಡುತ್ತಿದ್ದವು. ಈ ಸ್ಥಳವನ್ನು ಕಾಪಾಡಬೇಕೆಂದು ಸಲೀಂ ಅವರು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲನೆಯ ತಾಣವೆನಿಸಿತು. ಸ್ವಂತ ಗೂಡು ಚದುರಿಹೋದ ದಿನಗಳಲ್ಲಿಯೇ ಅವರು ಸಾವಿರಾರು ಗೂಡುಗಳಿಗೆ ಕಾವಲನ್ನು ಒದಗಿಸಿದರು. ಮೈಸೂರಿಗೆ ಪ್ರವಾಸ ಹೋಗುವ ನಮ್ಮ ಶಾಲೆಗಳ ಮಕ್ಕಳು ರಂಗನತಿಟ್ಟಿನಲ್ಲಿ ದೋಣಿಯೇರುವಾಗ ಈ ಸಂಗತಿಯನ್ನು ಬಲ್ಲವರಾಗಿರಲಿ.

ನಿಸರ್ಗ ದುಃಖವನ್ನು ಮಾಯಮಂತ್ರದಿಂದ ಅಳಿಸುವುದೆಂದು ನಾವು ವಾದಿಸುತ್ತಿಲ್ಲ. ಸಲೀಂ ಅವರ ದುಃಖ ಅಳಿದಿತ್ತೆಂದು ಹೇಳಲು ನಾವು ಯಾರು? ಅವರು ಭಾವುಕತೆಯಿಂದ ಹಕ್ಕಿಗಳನ್ನು ಕೊಂಡಾಡಿದವರೂ ಅಲ್ಲ. ಶಾಸ್ತ್ರದ ಅಭ್ಯಾಸಕ್ಕಾಗಿ ಅವುಗಳನ್ನು ಕೋವಿಯಿಂದ ಹೊಡೆದು ಸಂಗ್ರಹಿಸುತ್ತಿದ್ದರು. ಇದನ್ನು ಮುಚ್ಚಿಟ್ಟು ಅವರನ್ನು ಋಷಿಯನ್ನಾಗಿ ಚಿತ್ರಿಸುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಪ್ರತಿದಿನ ಹೊರಗೆ ನಡೆಯುವುದು, ತನ್ನದಲ್ಲದ ಒಂದು ಜೀವದ ಕಡೆಗೆ ಪೂರ್ಣವಾಗಿ ಕಣ್ಣುಕಿವಿಗಳನ್ನು ತೆರೆದಿಡುವುದು, ಕಂಡುದನ್ನು ಸಂಜೆ ದೀಪದ ಮುಂದೆ ಬರೆಯುವುದು — ಈ ಕ್ರಮ ಅವರನ್ನು ಎತ್ತಿ ಹಿಡಿಯಿತು. ಮನಸ್ಸು ತನ್ನ ನೋವನ್ನೇ ಸುತ್ತುತ್ತಿದ್ದರೆ ಬಳಲುತ್ತದೆ. ಹೊರಗಿನ ಒಂದು ವಸ್ತುವಿನ ಮೇಲೆ ನಿಂತರೆ ವಿಶ್ರಾಂತಿ ಪಡೆಯುತ್ತದೆ. ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿದ್ದಾರೆ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬವರು ಒಂದು ಆಸ್ಪತ್ರೆಯ 46 ಮಂದಿ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಹೋಗಿದ್ದರು. ತೀಕ್ಷ್ಣವಾದ ನೋವುನಿವಾರಕ ಔಷಧಗಳೂ ಅವರಿಗೆ ಕಡಿಮೆ ಸಾಕಾಗಿದ್ದುವು.

1941ರಲ್ಲಿ ಸಲೀಂ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಇಂಗ್ಲಿಷಿನಲ್ಲಿ, ಬಣ್ಣದ ಚಿತ್ರಗಳೊಡನೆ ಪ್ರಕಟವಾಯಿತು. ಅದರ ಒಂದು ಪ್ರತಿ ಸೆರೆಮನೆಯನ್ನೂ ಹೊಕ್ಕಿತು. 1942ರ ಚಳವಳಿಯಲ್ಲಿ ಇಂದಿರಾ ಗಾಂಧಿಯವರು ನೈನಿಯ ಕಾರಾಗೃಹದಲ್ಲಿದ್ದಾಗ, ತಾವೂ ಬಂಧನದಲ್ಲಿದ್ದ ತಂದೆ ನೆಹರೂ ಅವರು ಆ ಪುಸ್ತಕವನ್ನು ಉಡುಗೊರೆಯಾಗಿ ಕಳುಹಿಸಿದರು. ಗೋಡೆಗಳೊಳಗೆ ಕೂಡಿಹಾಕಿದವರಿಗೂ ಆಕಾಶದ ಒಂದು ತುಂಡು ಉಳಿದಿರುತ್ತದೆ. ಅಲ್ಲಿ ಹಾರುವುದು ಯಾವ ಹಕ್ಕಿಯೆಂದು ತಿಳಿಯುವುದೂ ಒಂದು ಸ್ವಾತಂತ್ರ್ಯವೇ. ಇಂದಿರಾ ಅವರಿಗೆ ಪಕ್ಷಿಗಳಲ್ಲಿ ಆಸಕ್ತಿ ಹುಟ್ಟಿದುದು ಹೀಗೆ.

ಅನಂತರದ ಕೀರ್ತಿಯನ್ನು ಎಲ್ಲರೂ ಬಲ್ಲರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಅಮೆರಿಕದ ಡಿಲನ್ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಪಕ್ಷಿಕೋಶ 1964ರಿಂದ 1974ರವರೆಗೆ ಹೊರಬಂತು. ಭರತಪುರದ ಜೌಗುನೆಲವೂ ಕೇರಳದ ಮೌನಕಣಿವೆಯೂ ಉಳಿಯುವಂತೆ ದನಿಯೆತ್ತಿದವರಲ್ಲಿ ಅವರು ಅಗ್ರಗಣ್ಯರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಪ್ರಕಟವಾದ ಆತ್ಮಚರಿತ್ರೆಗೆ, ಬಾಲ್ಯದಲ್ಲಿ ತಾವು ಕೆಡವಿದ ಆ ಗುಬ್ಬಿಯ ಪತನವನ್ನೇ ಹೆಸರಾಗಿ ಇಟ್ಟರು. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯಲ್ಲಿಯೇ ನಿಧನಹೊಂದಿದರು. ಹಿಮಾಲಯದ ಒಂದು ಹಾಡುಹಕ್ಕಿಗೆ 2016ರಲ್ಲಿ ವಿಜ್ಞಾನಿಗಳು ಅವರ ಹೆಸರನ್ನಿಟ್ಟಿದ್ದಾರೆ.

ಮಲಾಡಿನಲ್ಲಿ ವಾಸಿಸುವ ನಮಗೆ ಹಿಮಾಲಯದವರೆಗೆ ಹೋಗುವ ಅಗತ್ಯವಿಲ್ಲ. ಲೋಕಲ್ ರೈಲಿನ ನೂಕುನುಗ್ಗಲು, ಚಾಳು ಮತ್ತು ಫ್ಲಾಟುಗಳ ಇಕ್ಕಟ್ಟು, ಪರೀಕ್ಷೆಯ ಭೀತಿ — ಇವುಗಳಿಂದ ಮನಸ್ಸು ಮುದುಡುವುದು ಹಿರಿಯರಿಗೂ ಉಂಟು, ಮಕ್ಕಳಿಗೂ ಉಂಟು. ಆದರೆ ಈ ಉಪನಗರದ ಪೂರ್ವಕ್ಕೆ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ; ಪಶ್ಚಿಮಕ್ಕೆ ಮಾರ್ವೆ, ಅಕ್ಸಾ, ಮಢಗಳ ಕಡಲತೀರವಿದೆ; ನಡುವಿನ ಖಾಡಿಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳ ಮರೆಯಿಂದ ಬೆಳ್ಳಕ್ಕಿಗಳು ಮೀನಿಗಾಗಿ ಹೊಂಚುಹಾಕುತ್ತಿರುತ್ತವೆ. ಪಕ್ಕದ ಗೋರೆಗಾಂವಿನಲ್ಲಿ, ಚಿತ್ರನಗರಿಯ ಸಮೀಪದಲ್ಲಿ, ಸಲೀಂ ಅವರನ್ನು ಬೆಳೆಸಿದ ಅದೇ ಸಂಘದ ನಿಸರ್ಗ ಶಿಕ್ಷಣ ಕೇಂದ್ರವು ಮೂವತ್ತಮೂರು ಎಕರೆ ಕಾಡಿನಲ್ಲಿದೆ. ಚಳಿ ಇಳಿದು ಬೇಸಗೆ ಕಾಲಿಡುವ ಹೊತ್ತಿಗೆ, ಸರಿಯಾಗಿ ನಮ್ಮ ವಾರ್ಷಿಕ ಪರೀಕ್ಷೆಗಳ ದಿನಗಳಲ್ಲಿ, ಮಡಿವಾಳ ಹಕ್ಕಿ ಮರದ ತುದಿಯಲ್ಲಿ ಕುಳಿತು ನಸುಕಿನಲ್ಲಿಯೇ ಹಾಡತೊಡಗುತ್ತದೆ.